ಅಂಗೈಯಗಲದ ಫ್ಲಾಸ್ಕ್ ಡಬ್ಬಿ: ಮಗಳ ತಿಂಡಿಗೂ ಸೈ, ಊಟಕ್ಕೂ ಸೈ

ಚಿಕ್ಕ ಮಕ್ಕಳಿಗೆ ದಿನಾ ಊಟ ಕಟ್ಟಿಕೊಡುವವರು ಒಂದೇ ಒಂದು ಸಾಮಾನು ತರಬೇಕು ಅಂತಿದ್ದರೆ ನಾನು ಹೇಳುವುದು ಇದನ್ನೇ: 300 ಮಿಲಿಲೀಟರ್ ಹಿಡಿಸುವ, ಅಗಲ ಬಾಯಿಯ, ಎರಡು ಪದರದ ಸ್ಟೀಲ್ ಫ್ಲಾಸ್ಕ್ ಡಬ್ಬಿ. ಹಾಲು, ನೀರು ತುಂಬುವ ಉದ್ದ ಕತ್ತಿನ ಫ್ಲಾಸ್ಕ್ ಅಲ್ಲ. ಚಮಚ ಹಾಕಿ ಊಟ ಮಾಡಬಹುದಾದ ಗಿಡ್ಡನೆಯ, ದುಂಡನೆಯ ಡಬ್ಬಿ. ಬಣ್ಣ ಬಣ್ಣದ ಖಾನೆಗಳಿರುವ ಪ್ಲಾಸ್ಟಿಕ್ ಡಬ್ಬಿ, ಅಚ್ಚುಗಳು, ಪುಟ್ಟ ಫೋರ್ಕುಗಳು ಎಲ್ಲ ಆಮೇಲೆ ನೋಡಿಕೊಳ್ಳಬಹುದು.

ನಮ್ಮ ಮನೆಯಲ್ಲಿ ಬೆಳಗಿನ ಅಡುಗೆ ನನ್ನದು. ಹೆಂಡತಿ ಕೆಲಸಕ್ಕೆ ಬೇಗ ಹೊರಡುತ್ತಾಳೆ. ಮಗಳಿಗೆ ನಾಲ್ಕು ವರ್ಷ. ಅವಳನ್ನು ಎಬ್ಬಿಸಿ, ಹಲ್ಲುಜ್ಜಿಸಿ, ತಿಂಡಿ ತಿನ್ನಿಸಿ, ಊಟ ಕಟ್ಟಿ, ಬ್ಯಾಗು ಹಾಕಿ ಹೊರಡಿಸುವಷ್ಟರಲ್ಲಿ ಒಲೆ ಮುಂದೆ ನಿಲ್ಲಲು ನನಗೆ ಸಿಗುವುದು ಸ್ವಲ್ಪವೇ ಹೊತ್ತು. ಆ ಹೊತ್ತಿನಲ್ಲಿ ಎರಡು ಹೊತ್ತಿನ ಆಹಾರ ಆಗಬೇಕು. ಅದು ಅವಳ ಹೊಟ್ಟೆಗೆ ಸರಿಹೋಗಬೇಕು. ಮುಖ್ಯವಾಗಿ ಅವಳು ಅದನ್ನು ತಿನ್ನಬೇಕು.

ಮನೆಯಲ್ಲಿ ಅವಳು ಇಷ್ಟಪಟ್ಟು ತಿನ್ನುವುದೆಲ್ಲ ಮೆತ್ತಗಿನ, ಹಸಿ ಹಸಿಯಾದ ಅಡುಗೆ. ಬೇಳೆ ಕಲಸಿದ ಬಿಸಿ ಅನ್ನ, ಸಾಸ್ ಹಚ್ಚಿದ ಪಾಸ್ತಾ, ತರಕಾರಿ ಸೂಪು, ಓಟ್ಸ್ ಗಂಜಿ. ಇವನ್ನು ಮಾಮೂಲಿ ಡಬ್ಬಿಗೆ ಹಾಕಿ ಕಳಿಸಿ ನೋಡಿ. ಊಟದ ಹೊತ್ತಿಗೆ ಅನ್ನ ಗಂಟು ಗಂಟಾಗಿರುತ್ತದೆ, ಪಾಸ್ತಾ ಒಂದೇ ಮುದ್ದೆಯಾಗಿರುತ್ತದೆ, ಬೇಳೆಯ ಮೇಲೆ ಕೆನೆಗಟ್ಟಿರುತ್ತದೆ. ಹಾಗಾಗಿ ನಾವೆಲ್ಲ ಏನು ಮಾಡುತ್ತೇವೆ? ಆರಿದರೂ ಕೆಡದಂಥದ್ದು ಹುಡುಕುತ್ತೇವೆ. ಬ್ರೆಡ್ಡು, ಬಿಸ್ಕತ್ತು, ಕರಿದದ್ದು, ಪ್ಯಾಕೆಟ್ಟಿನದು. ಮಗುವಿಗೆ ಏನು ಬೇಕು ಅನ್ನುವುದನ್ನು ಡಬ್ಬಿಯೇ ತೀರ್ಮಾನ ಮಾಡಿದ ಹಾಗಾಯಿತು, ಅಲ್ವಾ? ಫ್ಲಾಸ್ಕ್ ಡಬ್ಬಿಯ ದೊಡ್ಡ ಉಪಕಾರ ಇಲ್ಲಿದೆ. ಮನೆಯಲ್ಲಿ ತಿನ್ನುವ ಅಡುಗೆಯನ್ನೇ ಮಗು ಹೊರಗೂ ತಿನ್ನಬಹುದು. ಮಧ್ಯಾಹ್ನಕ್ಕೆಂದು ಬೇರೆ ಅಡುಗೆ ಯೋಚಿಸಬೇಕಿಲ್ಲ.

ಡಬ್ಬಿಯ ಬಗ್ಗೆ ಹೇಳುತ್ತೇನೆ. ಒಳಗೊಂದು ಸ್ಟೀಲ್ ಗೋಡೆ, ಹೊರಗೊಂದು ಸ್ಟೀಲ್ ಗೋಡೆ, ನಡುವೆ ಗಾಳಿ ತೆಗೆದ ಜಾಗ. ಗಾಳಿಯೇ ಇಲ್ಲದಿದ್ದರೆ ಬಿಸಿ ದಾಟಿ ಹೋಗುವುದು ಕಷ್ಟ. 1892ರಲ್ಲಿ ಜೇಮ್ಸ್ ಡ್ಯೂವರ್ ಎಂಬ ವಿಜ್ಞಾನಿ ಈ ಉಪಾಯ ಕಂಡುಹಿಡಿದದ್ದು ಬಿಸಿ ಇಡುವುದಕ್ಕಲ್ಲ, ದ್ರವವಾಗಿಸಿದ ಅನಿಲಗಳನ್ನು ತಣ್ಣಗಿಡುವುದಕ್ಕೆ. ಅದಕ್ಕೇ ಈ ಡಬ್ಬಿ ಬೇಸಿಗೆಯಲ್ಲಿ ಮೊಸರಿಗೂ ಅಷ್ಟೇ ಚೆನ್ನಾಗಿ ಆಗುತ್ತದೆ. ಬಿಸಿ ಹೆಚ್ಚಾಗಿ ತಪ್ಪಿಸಿಕೊಳ್ಳುವುದು ಮುಚ್ಚಳದ ಕಡೆಯಿಂದ. ಅಲ್ಲಿ ಸಾಮಾನ್ಯವಾಗಿ ಬರೀ ಪ್ಲಾಸ್ಟಿಕ್ ಇರುತ್ತದೆ. ಬಾಯಿ ಅಗಲವಾದಷ್ಟೂ ಬಿಸಿ ಬೇಗ ಇಳಿಯುತ್ತದೆ. ಆದರೆ ಬಾಯಿ ಅಗಲವಿಲ್ಲದಿದ್ದರೆ ಮಗುವಿನ ಚಮಚ ಒಳಗೆ ಇಳಿಯುವುದಿಲ್ಲ. ಹಾಗಾಗಿ ಕೊಳ್ಳುವಾಗ ಮುಚ್ಚಳವನ್ನು ಕೈಯಲ್ಲಿ ಹಿಡಿದು ನೋಡಿ. ದಪ್ಪಗಿರಬೇಕು, ಒಳಗೆ ಟೊಳ್ಳು ಪದರ ಇರಬೇಕು. ತೆಳ್ಳನೆಯ ತಟ್ಟೆಯಂಥ ಮುಚ್ಚಳ ಇದ್ದರೆ ಆ ಡಬ್ಬಿ ಬೇಡ.

ಮುಚ್ಚಳದ ನಡುವೆ ಒಂದು ಪುಟ್ಟ ಗುಂಡಿ ಇರುವುದನ್ನೇ ಆರಿಸಿ. ಇದು ಅಂದಕ್ಕೆ ಇರುವುದಲ್ಲ. ಕುದಿಯುವ ಅಡುಗೆ ತುಂಬಿ ಮುಚ್ಚಿದ ಮೇಲೆ ಒಳಗಿನ ಗಾಳಿ ತುಸು ತಣ್ಣಗಾಗಿ ಕುಗ್ಗುತ್ತದೆ, ಮುಚ್ಚಳ ಒಳಕ್ಕೆ ಎಳೆದುಕೊಂಡು ಕೂರುತ್ತದೆ. ಆಗ ದೊಡ್ಡವರ ಕೈಗೇ ಬಗ್ಗುವುದಿಲ್ಲ, ಇನ್ನು ನಾಲ್ಕು ವರ್ಷದ ಕೈಯ ಮಾತೇನು? ಗುಂಡಿ ಒತ್ತಿದರೆ ಪುಸ್ ಎಂದು ಗಾಳಿ ಒಳಗೆ ಹೋಗುತ್ತದೆ, ಮುಚ್ಚಳ ಸಲೀಸಾಗಿ ತಿರುಗುತ್ತದೆ. ಮಗಳಿಗೆ ಊಟಕ್ಕಿಂತ ಆ ಪುಸ್ ಸದ್ದೇ ಇಷ್ಟ. ಮನೆಯಲ್ಲಿ ಖಾಲಿ ಡಬ್ಬಿ ಕೊಟ್ಟು ನೆಲದ ಮೇಲೆ ಕೂರಿಸಿ, ಕಾಲುಗಳ ನಡುವೆ ಹಿಡಿದು ತೆಗೆಯುವುದನ್ನು ಆಟದಂತೆ ಕಲಿಸಿದೆ. ಈಗ ಅವಳೇ ತೆಗೆಯುತ್ತಾಳೆ. ಬಿಸಿ ಇರುವ ದಿನ ಮಾತ್ರ ಟೀಚರ್ ಹತ್ತಿರ ತೆಗೆಸಿಕೋ ಎಂದು ಹೇಳಿದ್ದೇನೆ.

ಇನ್ನು ಬಿಸಿಯ ಲೆಕ್ಕ. ಡಬ್ಬಿಯ ಮೇಲೆ "ಆರು ಗಂಟೆ ಬಿಸಿ" ಎಂದೆಲ್ಲ ಬರೆದಿರುತ್ತಾರೆ. ಅದು ಬಾಯಿಮಟ್ಟ ತುಂಬಿದಾಗಿನ ಮಾತು. ಬೇಯಿಸಿದ ಆಹಾರವನ್ನು ಬಿಸಿಯಾಗಿಡುವುದಾದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗಿಡುವುದಾದರೆ 5 ಡಿಗ್ರಿಗಿಂತ ಕೆಳಗೆ ಇಡಿ, ಹೊರಗಿನ ಸಾಮಾನ್ಯ ಬಿಸಿಯಲ್ಲಿ 2 ಗಂಟೆಗಿಂತ ಹೆಚ್ಚು ಬಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಎರಡರ ನಡುವೆ ರೋಗಾಣುಗಳು ಸುಲಭವಾಗಿ ಹೆಚ್ಚುತ್ತವೆ. ಅದರಲ್ಲೂ ಅನ್ನದ ವಿಷಯದಲ್ಲಿ ಜಾಗ್ರತೆ ಬೇಕು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಕಗಳು ಬೇಯಿಸಿದರೂ ಉಳಿಯುತ್ತವೆ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅವು ಬೆಳೆದು ವಿಷ ಬಿಡುತ್ತವೆ. ಮತ್ತೆ ಕಾಯಿಸಿದರೂ ಆ ವಿಷ ಹೋಗದಿರಬಹುದು.

ಅಡುಗೆ ಥರ್ಮಾಮೀಟರ್ ಇಟ್ಟು ನಾನೇ ನೋಡಿದ್ದೇನೆ. ಡಬ್ಬಿಯನ್ನು ಹಾಗೇ ತೆಗೆದು ಬಿಸಿ ಬೇಳೆ ಅನ್ನ ತುಂಬಿದ ದಿನ, ನಾಲ್ಕು ಗಂಟೆಯ ಹೊತ್ತಿಗೆ ಅದು 60ರ ಕೆಳಗೆ ಇಳಿದಿತ್ತು. ಮೊದಲು ಕುದಿಯುವ ನೀರು ತುಂಬಿ, ಮುಚ್ಚಿ, ಹತ್ತು ನಿಮಿಷ ಬಿಟ್ಟು, ಆ ನೀರು ಚೆಲ್ಲಿ ತಕ್ಷಣ ಕುದಿ ಕುದಿ ಊಟ ತುಂಬಿದ ದಿನ, ಅಷ್ಟೇ ಹೊತ್ತಿಗೆ 60ರ ಮೇಲೇ ಇತ್ತು. ತಣ್ಣನೆಯ ಸ್ಟೀಲು ಮೊದಲ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ, ಅದಕ್ಕೇ ಈ ವ್ಯತ್ಯಾಸ. ಈ ಬಿಸಿನೀರಿನ ಕೆಲಸ ತಪ್ಪಿಸುವ ಹಾಗಿಲ್ಲ. ಕೆಟಲ್ ಆನ್ ಮಾಡಿ ಡಬ್ಬಿಗೆ ಸುರಿದು ಮಗಳನ್ನು ಎಬ್ಬಿಸಲು ಹೋಗುತ್ತೇನೆ. ಅವಳು ಮೈಮುರಿದು ಏಳುವಷ್ಟರಲ್ಲಿ ಡಬ್ಬಿ ಕಾದಿರುತ್ತದೆ. ಇನ್ನೊಂದು ವಿಷಯ, ಅರ್ಧ ತುಂಬಿದರೆ ಬಿಸಿ ನಿಲ್ಲುವುದಿಲ್ಲ. 500 ಮಿಲಿಲೀಟರಿನ ಡಬ್ಬಿ ಚಿಕ್ಕ ಮಗುವಿಗೆ ಬೇಡ ಅನ್ನುವುದು ಇದಕ್ಕೇ. ಅಷ್ಟು ಊಟ ಅದು ಮಾಡುವುದಿಲ್ಲ. ಅರ್ಧ ಖಾಲಿ ಡಬ್ಬಿಯಲ್ಲಿ ಊಟ ಬೇಗ ಆರುತ್ತದೆ.

ಹಾಗಂತ ಬಿಸಿ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತಲೂ ಇಲ್ಲ. 60 ಡಿಗ್ರಿಯ ಸೂಪು ಮಗುವಿನ ನಾಲಿಗೆ ಸುಡುತ್ತದೆ. ಒಳ್ಳೆಯ ಡಬ್ಬಿಯಲ್ಲಿ ಹೊರ ಮುಚ್ಚಳವೇ ಬಟ್ಟಲಾಗುತ್ತದೆ. ಎರಡು ಚಮಚ ಅದರಲ್ಲಿ ಹಾಕಿಕೊಂಡು, ಊದಿ, ತಿನ್ನು ಎಂದು ಮಗಳಿಗೆ ಅಭ್ಯಾಸ ಮಾಡಿಸಿದ್ದೇನೆ. ನೀರಾದ ಸೂಪನ್ನು ಡಬ್ಬಿಯಲ್ಲಿ ಕಳಿಸುವುದೇ ಇಲ್ಲ. ಚೆಲ್ಲಿದರೆ ತೊಡೆ ಮೇಲೆ ಬೀಳುತ್ತದೆ. ಗಟ್ಟಿಯಾದದ್ದು ಚಮಚದ ಮೇಲೆ ನಿಲ್ಲುತ್ತದೆ, ಬೇಗ ಆರುತ್ತದೆ.

ಇನ್ನು ತಿಂಡಿಗೆ ಬರೋಣ. ಊಟಕ್ಕೆಂದು ತಂದ ಡಬ್ಬಿ ತಿಂಡಿಗೂ ಆಗುತ್ತದೆ ಎಂದು ಗೊತ್ತಾದ ಮೇಲೆ ಎರಡನೆಯದೊಂದು ತಂದೆ. ಇದರಲ್ಲಿ ಒಲೆಯ ಹಂಗಿಲ್ಲದೆ ಓಟ್ಸ್ ಬೇಯುತ್ತದೆ. ಕಾಯಿಸಿದ ಡಬ್ಬಿಗೆ 30 ಗ್ರಾಂ ಓಟ್ಸ್, ಅಂದರೆ ಮೂರು ದೊಡ್ಡ ಚಮಚ ತುಂಬಾ. ಅದರ ಮೇಲೆ 180 ಮಿಲಿಲೀಟರ್ ಕುದಿಯುವ ನೀರು. ಕಲಕಿ ಮುಚ್ಚಿಬಿಡಿ. ಇಪ್ಪತ್ತು ನಿಮಿಷ ಬಿಟ್ಟು ತೆಗೆದರೆ ತಳ ಹಿಡಿಯದೆ, ಉಕ್ಕದೆ, ಹದವಾದ ಗಂಜಿ ಆಗಿರುತ್ತದೆ. ಅದಕ್ಕೆ ತಣ್ಣನೆಯ ಹಾಲು ಸುರಿದರೆ ತಿನ್ನುವಷ್ಟು ಬಿಸಿಗೆ ಇಳಿಯುತ್ತದೆ. ಊದಿ ಊದಿ ಕಾಯುವ ಕೆಲಸವಿಲ್ಲ. ಸಿಹಿಗೆ ಅರ್ಧ ಬಾಳೆಹಣ್ಣು ಕಿವುಚಿ ಹಾಕಿದರೆ ಸಾಕು, ಸಕ್ಕರೆ ಬೇಡ. ಶೇಂಗಾ ಬೆಣ್ಣೆ ಒಂದು ಚಮಚ ಹಾಕುವುದಾದರೆ ಬಿಸಿ ಇರುವಾಗಲೇ ಪೂರ್ತಿ ಕರಗಿಸಿ ಕಲಸಿ. ಉಂಡೆಯಾಗಿ ಬಾಯಿಗೆ ಹೋದರೆ ಗಂಟಲಿಗೆ ಅಂಟಿಕೊಳ್ಳುತ್ತದೆ. ರಾತ್ರಿಯೇ ಬಿಸಿ ಹಾಲು ಓಟ್ಸ್ ತುಂಬಿಟ್ಟು ಬೆಳಗ್ಗೆ ಕೊಡುವವರೂ ಇದ್ದಾರೆ. ಅದು ಬೇಡ. ಇಷ್ಟು ಚಿಕ್ಕ ಡಬ್ಬಿ ಬೆಳಗಿನವರೆಗೆ 60 ಡಿಗ್ರಿ ಕಾಯುವುದಿಲ್ಲ, ಹಾಲು ಕೆಡುತ್ತದೆ. ರಾತ್ರಿ ನೆನೆಸಬೇಕು ಅಂದರೆ ತಣ್ಣನೆ ಹಾಲಿನಲ್ಲಿ ನೆನೆಸಿ ಫ್ರಿಜ್ಜಿನಲ್ಲಿಡಿ. ಅದೂ ಚೆನ್ನಾಗಿರುತ್ತದೆ.

ಓಟ್ಸ್ ಬೇಡ ಎಂದ ದಿನ ಮೊಟ್ಟೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ. ನಾಲ್ಕು ವರ್ಷದ ಮಗುವಿಗೆ ಇಡೀ ದಿನಕ್ಕೆ 20 ಗ್ರಾಂ ಆಸುಪಾಸು ಸಾಕು. ಒಂದು ಮೊಟ್ಟೆ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಭಾಗ ಆಯಿತು. ಪ್ರೋಟೀನ್ ಪುಡಿ ಹಾಲಿಗೆ ಹಾಕುವ ತಂದೆತಾಯಿಯರಿಗೆ ಈ ಲೆಕ್ಕ ಹೇಳಬೇಕು ಅನ್ನಿಸುತ್ತದೆ. ಕಪ್ಪಿನಲ್ಲಿ ಮೊಟ್ಟೆ ಒಡೆದು, ಚಮಚ ಹಾಲು, ಚಮಚ ತುರಿದ ಕ್ಯಾರೆಟ್ ಸೇರಿಸಿ, ಚೆನ್ನಾಗಿ ಕಲಕಿ ಮೈಕ್ರೋವೇವಿನಲ್ಲಿ ಇಟ್ಟರೆ ಒಂದು ನಿಮಿಷದ ಆಸುಪಾಸಿನಲ್ಲಿ ಉಬ್ಬಿ ಬರುತ್ತದೆ. ನಡುವೆ ಹಸಿ ಇದ್ದರೆ ಇನ್ನೂ ಸ್ವಲ್ಪ ಹೊತ್ತು ಇಡಿ. ಹಳದಿ ಒಡೆಯದೆ ಇಟ್ಟರೆ ಸಿಡಿಯುತ್ತದೆ, ಅದೊಂದು ನೆನಪಿಡಿ. ಇಲ್ಲವೆಂದರೆ ಹಣ್ಣಾದ ಬಾಳೆಹಣ್ಣು, ಮೊಟ್ಟೆ, ಎರಡು ಮೂರು ಚಮಚ ಓಟ್ಸ್ ಪುಡಿ ಕಲಸಿ ಕಾವಲಿಯ ಮೇಲೆ ಬಿಲ್ಲೆಗಳಾಗಿ ಹಾಕುತ್ತೇನೆ. ಅಂಚು ಕಂದಾದ ಮೇಲೆ ತಿರುವಿ ಹಾಕಬೇಕು. ಅವಸರಪಟ್ಟರೆ ಹರಿದು ಹೋಗುತ್ತವೆ. ಮಗಳು ಇವನ್ನು ಕೈಯಲ್ಲಿ ಹಿಡಿದು ಓಡಾಡುತ್ತಾ ತಿನ್ನಲು ನೋಡುತ್ತಾಳೆ. ನಾನು ಬಿಡುವುದಿಲ್ಲ. ಕೂತು ತಿನ್ನುವ ಮಗು ಗಂಟಲಿಗೆ ಸಿಕ್ಕಿಸಿಕೊಳ್ಳುವುದು ಕಡಿಮೆ.

ಇನ್ನು ಊಟದ ಕಡೆಗೆ. ಇಲ್ಲಿ ಈ ಡಬ್ಬಿಯ ಸ್ವಭಾವ ತಿಳಿದುಕೊಂಡು ಅಡುಗೆ ಮಾಡಬೇಕು. ಬಿಸಿ ಇರುವಷ್ಟು ಹೊತ್ತೂ ಒಳಗೆ ಅಡುಗೆ ನಿಧಾನವಾಗಿ ಬೇಯುತ್ತಲೇ ಇರುತ್ತದೆ, ನೀರು ಹೀರುತ್ತಲೇ ಇರುತ್ತದೆ. ನಿಮ್ಮ ತಟ್ಟೆಗೆ ಹದವಾಗಿದ್ದ ಬೇಳೆ ಅನ್ನ ಮಧ್ಯಾಹ್ನ ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿಯಾಗಿರುತ್ತದೆ. ಹಾಗಾಗಿ ತುಂಬುವ ಮೊದಲು ಒಂದು ಸೌಟು ಕುದಿಯುವ ನೀರು ಹೆಚ್ಚಿಗೆ ಸೇರಿಸಿ ಮತ್ತೊಮ್ಮೆ ಕುದಿಸಿ. ಆ ಹೊತ್ತಿಗೆ ನೋಡಲು ಸ್ವಲ್ಪ ನೀರಾಗಿ ಕಾಣಬೇಕು. ಪಾಸ್ತಾ ಆದರೆ ಪ್ಯಾಕೆಟ್ಟಿನ ಮೇಲೆ ಹೇಳಿದ್ದಕ್ಕಿಂತ ಎರಡು ನಿಮಿಷ ಮೊದಲೇ ಇಳಿಸಿ, ಸಾಸ್ ಜಾಸ್ತಿ ಹಾಕಿ. ಉದ್ದನೆಯ ಪಾಸ್ತಾ ಬೇಡ, ಮಗುವಿನ ಚಮಚದಲ್ಲಿ ಮೂರು ನಾಲ್ಕು ಕೂರುವಷ್ಟು ಪುಟ್ಟದಿರಲಿ.

ನನ್ನ ಬೆಳಗಿನ ಕೆಲಸ ಬೇಗ ಆಗುವುದು ಫ್ರೀಜರಿನಿಂದಾಗಿ. ರಜೆಯ ದಿನ ಕುಂಬಳಕಾಯಿ, ಕ್ಯಾರೆಟ್, ಟೊಮೆಟೊ, ಸ್ವಲ್ಪ ಕೆಂಪು ಬೇಳೆ ಒಟ್ಟಿಗೆ ಬೇಯಿಸಿ ನುಣ್ಣಗೆ ರುಬ್ಬುತ್ತೇನೆ. ಆರಿಸಿ ಐಸ್ ಟ್ರೇಗೆ ಹುಯ್ದು ಫ್ರೀಜರಿನಲ್ಲಿಟ್ಟರೆ ಗಟ್ಟಿ ಬಿಲ್ಲೆಗಳಾಗುತ್ತವೆ. ಅವನ್ನು ಚೀಲಕ್ಕೆ ಸುರಿದಿಟ್ಟುಕೊಳ್ಳುತ್ತೇನೆ. ಬೆಳಗ್ಗೆ ನಾಲ್ಕು ಬಿಲ್ಲೆ ಪಾತ್ರೆಗೆ ಹಾಕಿ ಕುದಿಸಿದರೆ ಪಾಸ್ತಾಗೂ ಆಯಿತು, ಅನ್ನಕ್ಕೂ ಆಯಿತು. ಗುಳು ಗುಳು ಕುದಿ ಬರಲೇಬೇಕು. ಬರೀ ಬೆಚ್ಚಗಾದರೆ ಡಬ್ಬಿಗೆ ಹಾಕಬೇಡಿ, ಏಕೆಂದರೆ ಡಬ್ಬಿ ಬಿಸಿಯನ್ನು ಉಳಿಸಿಕೊಳ್ಳುತ್ತದೆ ಅಷ್ಟೇ, ಹೊಸದಾಗಿ ಬಿಸಿ ಮಾಡುವುದಿಲ್ಲ. ಈ ಸಾಸಿನಲ್ಲಿ ಬೇಳೆ ಇರುವುದು ಮಗಳ ಬಾಯಿಗೆ ಗೊತ್ತೇ ಆಗುವುದಿಲ್ಲ. ಕುಂಬಳಕಾಯಿಯ ಸಿಹಿ ಅವಳಿಗೆ ಹಿಡಿಸಿದೆ. ಹಾಗಂತ ತರಕಾರಿಯನ್ನು ಯಾವಾಗಲೂ ಬಚ್ಚಿಟ್ಟೇ ತಿನ್ನಿಸಬಾರದು ಎಂದು ನನ್ನ ಅಭಿಪ್ರಾಯ. ಕಣ್ಣಿಗೆ ಕಾಣುವ ಕ್ಯಾರೆಟ್ ತುಂಡು ಒಂದೆರಡಾದರೂ ಜೊತೆಗೆ ಇರಲಿ. ಹೊಸ ರುಚಿಯನ್ನು ಮಕ್ಕಳು ಒಪ್ಪಿಕೊಳ್ಳಲು ಹತ್ತಾರು ಸಲ ಅದು ಕಣ್ಣಿಗೆ ಬೀಳಬೇಕಾಗುತ್ತದೆ. ಮೊದಲ ಸಲ ಬೇಡ ಅಂದದ್ದು ಕೊನೆಯ ಮಾತಲ್ಲ.

ಕಡಲೆಕಾಳು ಈ ಡಬ್ಬಿಗೆ ಹೇಳಿ ಮಾಡಿಸಿದಂತಿದೆ. ರಾತ್ರಿ ನೆನೆಸಿ ಮೆತ್ತಗೆ ಬೇಯಿಸಿದ ಕಾಳನ್ನು ಬೆರಳಲ್ಲಿ ಒತ್ತಿ ಚಪ್ಪಟೆ ಮಾಡಿ ಟೊಮೆಟೊ ಸಾಸಿಗೆ ಹಾಕುತ್ತೇನೆ. ಗಂಟೆಗಟ್ಟಲೆ ಬಿಸಿಯಲ್ಲಿ ಕೂತರೂ ಕರಗುವುದಿಲ್ಲ, ರುಚಿ ಇನ್ನೂ ಕೂಡಿ ಬರುತ್ತದೆ. ಬೇಳೆಕಾಳಿನ ಕಬ್ಬಿಣದ ಅಂಶ ಚೆನ್ನಾಗಿ ಮೈಗೆ ಹತ್ತಲು ಅದರ ಜೊತೆ ವಿಟಮಿನ್ ಸಿ ಇದ್ದರೆ ಒಳ್ಳೆಯದು. ಹಾಗಾಗಿ ಪಕ್ಕದ ಪುಟ್ಟ ಡಬ್ಬಿಯಲ್ಲಿ ನಾಲ್ಕು ಕಿತ್ತಳೆ ತೊಳೆ, ಇಲ್ಲವೇ ತೆಳ್ಳಗೆ ಹೆಚ್ಚಿದ ಕೆಂಪು ದಪ್ಪಮೆಣಸಿನಕಾಯಿ ಇಡುತ್ತೇನೆ. ಊಟದ ಜೊತೆಗೇ ಹಾಲು ಕುಡಿಸುವುದಿಲ್ಲ. ಹಾಲಿನ ಕ್ಯಾಲ್ಸಿಯಂ ಕಬ್ಬಿಣದ ಅಂಶವನ್ನು ಹೀರಿಕೊಳ್ಳಲು ಅಡ್ಡಿ ಮಾಡುತ್ತದೆ. ಹಾಲು ಬೆಳಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು. ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಕೊಡುವುದಿಲ್ಲ. ಹಾಲಿನಲ್ಲೇ ಹೊಟ್ಟೆ ತುಂಬಿದ ಮಗು ಡಬ್ಬಿ ಮುಟ್ಟುವುದಿಲ್ಲ.

ಈ ಡಬ್ಬಿಗೆ ಆಗದವೂ ಇವೆ. ಗರಿಗರಿಯಾದದ್ದು ಯಾವುದೂ ಆಗುವುದಿಲ್ಲ, ಒಳಗಿನ ಆವಿಗೆ ಮೆತ್ತಗಾಗಿಬಿಡುತ್ತದೆ. ಬ್ರೆಡ್ಡಂತೂ ಒದ್ದೆ ಬಟ್ಟೆಯಾಗುತ್ತದೆ. ಬಟಾಣಿ, ಪಾಲಕ್ ಹಾಕಿದರೆ ಕೆಡುವುದಿಲ್ಲ, ಆದರೆ ಹಸಿರು ಹೋಗಿ ಮಂಕು ಬಣ್ಣಕ್ಕೆ ತಿರುಗುತ್ತದೆ. ಬಿಸಿಗೆ, ಟೊಮೆಟೊ ಹುಳಿಗೆ ಎಲೆಯ ಹಸಿರು ನಿಲ್ಲುವುದಿಲ್ಲ. ಮಗಳು ಅದನ್ನು ನೋಡಿ, "ಅಪ್ಪ, ಬಟಾಣಿಗೆ ಜ್ವರ ಬಂದಿದೆ" ಅಂದಳು. ಅಂದಿನಿಂದ ಬಟಾಣಿಯನ್ನು ಬೇರೆ ಬೇಯಿಸಿ, ತಣ್ಣಗೆ ಮಾಡಿ ಪುಟ್ಟ ಡಬ್ಬಿಯಲ್ಲಿ ಐಸ್ ಪ್ಯಾಕಿನ ಜೊತೆ ಕಳಿಸುತ್ತೇನೆ. ಹೂಕೋಸು, ಎಲೆಕೋಸು, ಬ್ರೊಕೋಲಿ, ಬೇಯಿಸಿದ ಮೊಟ್ಟೆ ಇವುಗಳ ವಾಸನೆ ಮುಚ್ಚಿದ ಬಿಸಿಯಲ್ಲಿ ಹೊತ್ತು ಕಳೆದಷ್ಟೂ ಗಂಧಕದಂತೆ ಏರುತ್ತದೆ. ಮುಚ್ಚಳ ತೆಗೆದ ಕೂಡಲೇ ಪಕ್ಕದ ಮಗು ಮೂಗು ಮುಚ್ಚಿಕೊಂಡರೆ ನಿಮ್ಮ ಮಗು ಊಟ ಮಾಡುವುದಿಲ್ಲ. ಇವೆಲ್ಲ ಮನೆಯ ತಟ್ಟೆಗೆ ಇರಲಿ.

ಉಪ್ಪಿನ ವಿಷಯ. ದೊಡ್ಡವರಿಗೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮಕ್ಕಳಿಗೆ ಇನ್ನೂ ಕಡಿಮೆ. ಹಾಗಾಗಿ ಮಗಳ ಪಾಲನ್ನು ಮೊದಲು ತೆಗೆದಿಟ್ಟು ಆಮೇಲೆ ನಮ್ಮದಕ್ಕೆ ಉಪ್ಪು ಹಾಕುತ್ತೇನೆ. ಅಂಗಡಿಯ ಸಾಸ್ ಬದಲು ಮನೆಯದನ್ನೇ ಮಾಡುವುದಕ್ಕೆ ಇದೂ ಒಂದು ಕಾರಣ.

ಬೇಸಿಗೆಯಲ್ಲಿ ಇದನ್ನೇ ತಣ್ಣನೆಯ ಊಟಕ್ಕೆ ಬಳಸುತ್ತೇನೆ. ಬಿಸಿನೀರಿನ ಬದಲು ಐಸ್ ನೀರು ತುಂಬಿ ಹತ್ತು ನಿಮಿಷ ಬಿಡಬೇಕು. ಆಮೇಲೆ ಫ್ರಿಜ್ಜಿನಿಂದ ತೆಗೆದ ಗಟ್ಟಿ ಮೊಸರು, ಅದರೊಳಗೆ ಫ್ರೀಜರಿನಲ್ಲಿಟ್ಟ ಮೆತ್ತನೆ ಹಣ್ಣಿನ ಸಣ್ಣ ತುಂಡುಗಳು. ಹಣ್ಣೇ ಐಸಿನ ಕೆಲಸ ಮಾಡುತ್ತದೆ. ಊಟದ ಹೊತ್ತಿಗೆ ಕರಗಿ ಮೊಸರಿಗೆ ಬಣ್ಣ ಬಿಟ್ಟಿರುತ್ತದೆ. ಬಣ್ಣ ಬಿಡುವ ಹಣ್ಣು ಹಾಕಿದ ದಿನ ಡಬ್ಬಿ ನೆಕ್ಕಿದ ಹಾಗೆ ಬರುತ್ತದೆ. ಅಂಗಡಿಯ ಸಿಹಿ ಮೊಸರಿನಲ್ಲಿ ಸಕ್ಕರೆ ಸೇರಿಸಿರುತ್ತಾರೆ, ಹಾಗಾಗಿ ಸಪ್ಪೆ ಮೊಸರಿಗೇ ಹಣ್ಣು ಹಾಕುವುದು ಒಳ್ಳೆಯದು. ದ್ರಾಕ್ಷಿ ಹಾಕುವುದಾದರೆ ಉದ್ದುದ್ದ ನಾಲ್ಕು ಸೀಳು ಮಾಡಿ ಹಾಕಿ. ಇಡೀ ದ್ರಾಕ್ಷಿ ಮಗುವಿನ ಉಸಿರುನಾಳಕ್ಕೆ ಬಿರಡೆ ಹಾಕಿದಂತೆ ಕೂತುಬಿಡುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬಾದಾಮಿ, ಗೋಡಂಬಿ, ಶೇಂಗಾ ಕೊಡಬೇಡಿ. ಪಾಪ್‌ಕಾರ್ನ್, ಗಟ್ಟಿ ಹಸಿ ಕ್ಯಾರೆಟ್ ತುಂಡುಗಳೂ ಬೇಡ. ಕಣ್ಣಳತೆಯಲ್ಲಿ ನೀವಿದ್ದರೂ ಬೇಡ, ನೀವಿಲ್ಲದ ಕಡೆಗಂತೂ ಕಳಿಸಲೇಬೇಡಿ. ಬೀಜಗಳ ಅಲರ್ಜಿ ಇರುವ ಮಕ್ಕಳು ಜೊತೆಗಿರಬಹುದು. ಶೇಂಗಾ ಬೆಣ್ಣೆ ಕಳಿಸುವ ಮೊದಲು ಒಂದು ಮಾತು ಕೇಳಿಕೊಳ್ಳಿ.

ಈಗ ದೂರುಗಳು. ಮೊದಲು ತಂದ ಡಬ್ಬಿ ನೋಡಲು ಚೆಂದವಿತ್ತು, ಆನೆಮರಿಯ ಚಿತ್ರವಿತ್ತು. ಕೆಲವೇ ತಿಂಗಳಲ್ಲಿ ಅದರ ಹೊರಮೈ ಬಿಸಿಯಾಗತೊಡಗಿತು. ಹೊರಗೆ ಬಿಸಿ ತಾಗಿತು ಅಂದರೆ ಗೋಡೆಗಳ ನಡುವೆ ಗಾಳಿ ಹೊಕ್ಕಿದೆ ಎಂದರ್ಥ. ಆಮೇಲೆ ಅದು ಬರೀ ಭಾರವಾದ ಸ್ಟೀಲ್ ಡಬ್ಬಿ. ಕೆಳಗೆ ಬಿದ್ದದ್ದೂ ಇಲ್ಲ, ತಳ ತಗ್ಗಾದದ್ದೂ ಇಲ್ಲ. ಕಂಪನಿಯವರಿಗೆ ಬರೆದರೆ, ಚಿತ್ರ ಉಜ್ಜಿಹೋಗಿದೆ, ಹಾಗಾಗಿ ಗ್ಯಾರಂಟಿ ನಡೆಯುವುದಿಲ್ಲ ಎಂದರು. ಚಿತ್ರಕ್ಕೂ ಗಾಳಿಗೂ ಏನು ಸಂಬಂಧ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ನನಗೆ ಇದು ಇವತ್ತಿಗೂ ಬೇಸರ. ಮಕ್ಕಳ ಸಾಮಾನು ಮಾರುವವರು ಹೀಗೆ ನಡೆದುಕೊಳ್ಳಬಾರದು. ನೀವು ತಂದ ದಿನವೇ ಪರೀಕ್ಷೆ ಮಾಡಿ: ಕುದಿಯುವ ನೀರು ತುಂಬಿ ಮುಚ್ಚಿ, ಐದು ನಿಮಿಷ ಬಿಟ್ಟು ಹೊರಮೈ ಸವರಿ ನೋಡಿ. ತಣ್ಣಗೇ ಇರಬೇಕು. ಬಾಯಿಯ ಅಂಚು ಬಿಟ್ಟು ಬೇರೆ ಎಲ್ಲಾದರೂ ಒಂದು ಕಡೆ ಬೆಚ್ಚಗಿದ್ದರೂ ಅಂದೇ ವಾಪಸ್ ಕೊಡಿ. ಆಮೇಲೂ ಆಗಾಗ ಇದನ್ನು ಮಾಡುತ್ತಿರಿ.

ಮುಚ್ಚಳದೊಳಗೆ ಮಡಿಸುವ ಚಮಚ ಕೊಡುತ್ತಾರಲ್ಲ, ಅದು ನನಗೆ ಇಷ್ಟವಾಗಲಿಲ್ಲ. ಮಡಿಕೆಯ ಸಂದಿನಲ್ಲಿ ಅನ್ನ ಸಿಕ್ಕಿಕೊಳ್ಳುತ್ತದೆ, ತೊಳೆಯಲು ಬರುವುದಿಲ್ಲ, ಮಗುವಿನ ಕೈಯಲ್ಲಿ ತಿನ್ನುವಾಗಲೇ ಮಡಚಿಕೊಳ್ಳುತ್ತದೆ. ಹಿಡಿ ದಪ್ಪಗಿರುವ, ತಳ ಮುಟ್ಟುವಷ್ಟು ಉದ್ದದ ಒಂದೇ ತುಂಡಿನ ಸ್ಟೀಲ್ ಚಮಚ ಬೇರೆ ಇಡಿ. ಡಬ್ಬಿಯ ಭಾರವೂ ಕಡಿಮೆ ಏನಲ್ಲ. ಖಾಲಿಯೇ ಸುಮಾರು ಕಾಲು ಕೆಜಿ, ತುಂಬಿದರೆ ಅರ್ಧ ಕೆಜಿ ದಾಟುತ್ತದೆ. ನೀರಿನ ಬಾಟಲಿಯೂ ಸೇರಿದರೆ ಪುಟ್ಟ ಬೆನ್ನಿಗೆ ಅದು ಹೊರೆಯೇ. ಬ್ಯಾಗನ್ನು ದಾರಿಯಲ್ಲಿ ನಾನೇ ಹೊರುತ್ತೇನೆ.

ತೊಳೆಯುವ ಕೆಲಸ ದಿನಾ ಇದೆ. ಮುಚ್ಚಳದ ಒಳಗಿನ ರಬ್ಬರ್ ರಿಂಗನ್ನು ಪ್ರತಿ ಸಂಜೆ ಬಿಚ್ಚಲೇಬೇಕು. ಬಿಚ್ಚದೆ ಮೇಲಿನಿಂದ ತೊಳೆದರೆ ಅದರ ಹಿಂದೆ ಜಿಡ್ಡು ಕೂತು, ಆಮೇಲೆ ಕಪ್ಪು ಬೂಸ್ಟು ಬರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ ಒಂದನ್ನು ಇದಕ್ಕೆಂದೇ ಇಟ್ಟಿದ್ದೇನೆ. ಟೊಮೆಟೊ ಬಣ್ಣ ಹಿಡಿದ ರಿಂಗನ್ನು ಅಡಿಗೆ ಸೋಡ ಹಾಕಿದ ಬಿಸಿನೀರಿನಲ್ಲಿ ನೆನೆಸಿ ಬಿಸಿಲಿಗೆ ಇಟ್ಟರೆ ಬಣ್ಣ ತಿಳಿಯಾಗುತ್ತದೆ, ವಾಸನೆ ಹೋಗುತ್ತದೆ. ರಾತ್ರಿ ಮುಚ್ಚಳ ಮುಚ್ಚದೆ ಬೋರಲು ಹಾಕಿಡಿ. ತಂತಿ ನಾರಿನಿಂದ ಉಜ್ಜಬೇಡಿ, ಮೈಕ್ರೋವೇವ್, ಫ್ರೀಜರಿನಲ್ಲಿ ಇಡಬೇಡಿ. ವಾರದ ಕೊನೆಗೆ ಬ್ಯಾಗಿನಲ್ಲೇ ಮರೆತುಹೋದ ಡಬ್ಬಿಯನ್ನು ತೆಗೆಯುವಾಗ ಮುಖ ದೂರ ಹಿಡಿಯಿರಿ. ಒಳಗೆ ಹುಳಿದ ಅಡುಗೆ ಗಾಳಿ ತುಂಬಿಕೊಂಡು ಮುಚ್ಚಳ ಚಿಮ್ಮಬಹುದು.

ಊಟ ಪೂರ್ತಿ ಖಾಲಿಯಾಗಿ ಬರುತ್ತದೆಯೇ ಎಂದು ಕೇಳುತ್ತೀರಿ. ಎಲ್ಲ ದಿನ ಇಲ್ಲ. ಏನು ಕೊಡಬೇಕು ಅನ್ನುವುದು ನನ್ನ ಕೆಲಸ, ಎಷ್ಟು ತಿನ್ನಬೇಕು ಅನ್ನುವುದು ಅವಳ ಹೊಟ್ಟೆಗೆ ಬಿಟ್ಟದ್ದು. ಉಳಿದದ್ದಕ್ಕೆ ಬೈಯುವುದಿಲ್ಲ. ಮತ್ತೆ ಕಾಯಿಸಿಯೂ ಕೊಡುವುದಿಲ್ಲ, ಚೆಲ್ಲುತ್ತೇನೆ. ಆದರೆ ಮಾಮೂಲಿ ಡಬ್ಬಿಯ ಕಾಲಕ್ಕೆ ಹೋಲಿಸಿದರೆ ಈಗ ಉಳಿಯುವುದು ತೀರಾ ಕಡಿಮೆ. ಸಂಜೆ ಹಸಿದು ಅಳುವುದು ನಿಂತಿದೆ, ಬಂದ ಕೂಡಲೇ ಬಿಸ್ಕತ್ತಿಗೆ ಕೈಚಾಚುವುದು ನಿಂತಿದೆ. ನನಗೆ ಅದು ಸಣ್ಣ ವಿಷಯವಲ್ಲ.

ಮಗು ಹೋಗುವ ಕಡೆಯೇ ಬಿಸಿ ಊಟ ಕೊಡುತ್ತಾರೆ ಅಥವಾ ಊಟಕ್ಕೆ ಎರಡು ಗಂಟೆಯೂ ತಡವಿಲ್ಲ ಅಂದರೆ ಈ ಡಬ್ಬಿ ಬೇಕಿಲ್ಲ, ಒಳ್ಳೆಯ ಸ್ಟೀಲ್ ಡಬ್ಬಿ ಸಾಕು. ಮೂರು ವರ್ಷದೊಳಗಿನ ಮಗುವಾದರೆ ದೊಡ್ಡವರು ಪಕ್ಕದಲ್ಲಿ ಕೂತು ತಿನ್ನಿಸುವಾಗ ಮಾತ್ರ ಬಳಸಿ. ಮಿಕ್ಕವರು ಕೊಳ್ಳುವಾಗ, ಬಿಡಿ ರಬ್ಬರ್ ರಿಂಗ್ ಸಿಗುತ್ತದೆಯೇ ಎಂದು ಮೊದಲು ಕೇಳಿ. ಸಿಗುವುದಿಲ್ಲ ಅಂದರೆ ಬೇರೆ ಕಂಪನಿಯದು ನೋಡಿ. ಡಬ್ಬಿ ವರ್ಷಗಟ್ಟಲೆ ಬಾಳುತ್ತದೆ, ರಿಂಗ್ ಅಷ್ಟು ಬಾಳುವುದಿಲ್ಲ. ರಿಂಗ್ ಸಡಿಲಾದ ಡಬ್ಬಿಯಿಂದ ಬ್ಯಾಗಿನೊಳಗೆ ಬೇಳೆ ಸೋರಿದರೆ ಅಂದಿನ ಊಟವೂ ಹೋಯಿತು, ಪುಸ್ತಕವೂ ಹೋಯಿತು.